ಸಾಹೇಬರು ಪಾಸಾದ ಪರೀಕ್ಷೆ

ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವವರಿಗಾಗಿ ಸರ್ಕಾರ ಹೊಸದೊಂದು ಯೋಜನೆ ತಂದಿತ್ತು. ವಾರಕ್ಕೆ ಎರಡು ಮಧ್ಯಾಹ್ನ ಒಬ್ಬರು ಬಂದು ಕಾಯಿಲೆಯವರ ಜೊತೆ ಕೂರುತ್ತಾರೆ, ಮನೆಯವರು ಸ್ವಲ್ಪ ಹೊತ್ತು ಕಣ್ಣು ಮುಚ್ಚಬಹುದು. ಷರತ್ತು ಒಂದೇ: ಕಾಯಿಲೆಯವರಿಗೆ ಪರೀಕ್ಷೆಯಲ್ಲಿ ಮೂವತ್ತಕ್ಕೆ ಇಪ್ಪತ್ತರೊಳಗೇ ಅಂಕ ಬರಬೇಕು. ಅತ್ತೆ ಫೇಲಾಗಲಿ ಎಂದು ಸೊಸೆ ದೇವರಲ್ಲಿ ಬೇಡಿಕೊಂಡಳು. ಹಿಂದೆಯೇ ತಪ್ಪಾಯಿತೆಂದೂ ಹೇಳಿಕೊಂಡಳು. ಅವಳು ಒಂದೇ ಸಮ ನಿದ್ದೆ ಮಾಡಿ ಎರಡು ವರ್ಷವಾಗಿತ್ತು.

ಆದರೆ ಅತ್ತೆ ಮೂವತ್ತೆಂಟು ವರ್ಷ ಶಾಲೆ ಆಳಿದ ಹೆಡ್‌ಮೇಡಂ. ಪ್ರಶ್ನೆ ಕೇಳಿ ಗೊತ್ತೇ ಹೊರತು ಉತ್ತರ ಹೇಳಿ ಗೊತ್ತಿಲ್ಲ.

ಫೈಲು ಹಿಡಿದು ಬಂದ ಸಾಹೇಬರು ಇವತ್ತು ಯಾವ ವಾರವೆಂದು ಕೇಳಿದರು.

"ನೀನೇ ಹೇಳು ನೋಡೋಣ."

"ಗುರುವಾರ, ಮೇಡಂ."

"ಸರಿ. ಮುಂದಿನದು?"

ಆ ಕಣ್ಣಿನೆದುರು ಸಾಹೇಬರ ಕೈ ತಾನಾಗಿಯೇ ಕಟ್ಟಿಕೊಂಡಿತು. ತಿಂಗಳು, ಇಸವಿ, ನೂರರಿಂದ ಏಳೇಳು ಕಳೆಯುವುದು, ಎಲ್ಲವನ್ನೂ ಅವರೇ ಒಪ್ಪಿಸಿದರು. ಸರಿಯುತ್ತರ ಕಿವಿಗೆ ಬಿದ್ದಾಗಲೆಲ್ಲ ಅಭ್ಯಾಸಬಲದಿಂದ ಟಿಕ್ ಹಾಕಿದರು. ಕೂಡಿಸಿದರೆ ಇಪ್ಪತ್ತೊಂಬತ್ತು. ಕಳೆಯುವಾಗ ಒಂದು ಕಡೆ ಎಡವಿದ್ದರು.

ಸೊಸೆಗೆ ಹೇಳಲು ತಿರುಗಿದರೆ, ಅವಳು ಗೋಡೆಗೊರಗಿ ಬಾಯಿ ತೆರೆದು ನಿದ್ದೆಹೋಗಿದ್ದಳು. ಸಾಹೇಬರು ಸದ್ದಿಲ್ಲದೆ ಎದ್ದರು.

"ಎಲ್ಲಿಗೆ? ಇನ್ನೂ ಗಂಟೆ ಹೊಡೆದಿಲ್ಲ. ಹದಿನೇಳರ ಮಗ್ಗಿ ಬರಿ."

ಬರೆದು ತೋರಿಸಿದರು. ಹೆಡ್‌ಮೇಡಂ ಭೇಷ್ ಎಂದು ಸಹಿ ಹಾಕಿ, ಒಂದು ಗಳಿಗೆ ಕಿಟಕಿಯಾಚೆ ನೋಡಿ, ಇತ್ತ ತಿರುಗಿ ಹದಿನೇಳರ ಮಗ್ಗಿ ಎಲ್ಲೋ ಎಂದು ಗದರಿದರು. ಇದೋ ಎಂದು ತೋರಿಸಿದರೆ ಅದು ಯಾರದೋ ನಕಲು ಅಂದರು. ಸಾಹೇಬರು ಮತ್ತೆ ಬರೆದರು. ಮತ್ತೆ ಭೇಷ್, ಮತ್ತೆ ಕಿಟಕಿ, ಮತ್ತೆ ಗದರಿಕೆ. ನಾಲ್ಕನೆಯ ಸಲಕ್ಕೆ ಬೆರಳು ನೋಯಿತು, ಐದನೆಯ ಸಲಕ್ಕೆ ಬುದ್ಧಿ ಬಂತು. ತಮಗೆ ಎರಡು ಗಂಟೆ. ಗೋಡೆಗೊರಗಿದವಳಿಗೆ ಎರಡು ವರ್ಷ. ದೇವರು ಒಬ್ಬೊಬ್ಬರಿಗೆ ಒಂದೊಂದು ದಾರಿಯಿಂದ ಜ್ಞಾನ ಕೊಡುತ್ತಾನೆ. ಸರ್ಕಾರಿ ಜನಕ್ಕೆ ಬೆರಳಿನಿಂದ ಕೊಡುತ್ತಾನೇನೋ.

ಇಪ್ಪತ್ತೊಂಬತ್ತನ್ನು ಹೊಡೆದುಹಾಕಿ, ಉತ್ತರಗಳೆಲ್ಲ ನನ್ನವು ಎಂದು ಷರಾ ಬರೆದು, ಮೇಡಂ ಹೆಸರಿನೆದುರು ಸೊನ್ನೆ ಸುತ್ತಿದರು.

ಸೊಸೆ ಬೆಚ್ಚಿ ಎದ್ದಳು. "ಅತ್ತೆ ಏನಾದ್ರು ಸಾರ್? ಪಾಸಾ?"

"ಫೇಲಮ್ಮ. ಸೋಮವಾರದಿಂದ ಜನ ಕಳಿಸ್ತೀನಿ."

ಅವಳು ಕಣ್ಣೊರೆಸಿಕೊಂಡು ಗಡಿಯಾರ ನೋಡಿದಳು.

"ನಿಮ್ಮ ಆಫೀಸು ಐದಕ್ಕಲ್ವಾ ಸಾರ್ ಮುಚ್ಚೋದು?"

ಹೌದೆಂದರು ಸಾಹೇಬರು. ಇನ್ನೂ ಅರ್ಧ ಗಂಟೆಯಿತ್ತು. ಅವಳು ದಿಂಬು ಎಳೆದುಕೊಂಡು ಮಗ್ಗುಲಾದಳು.