ಸುಮ್ಮನಿರಲಾರದ ಸುತ್ತಿಗೆ

ನಾನು ಒಂದು ಮರದ ಸುತ್ತಿಗೆ. ಮೊಳೆ ಹೊಡೆಯುವ ಸುತ್ತಿಗೆಯಲ್ಲ. ಹಾಗಿದ್ದಿದ್ದರೆ ದಿನವೂ ಕೈತುಂಬ ಕೆಲಸವಿರುತ್ತಿತ್ತು. ನನ್ನ ಕೆಲಸ ತಿಂಗಳ ಎರಡನೆಯ ಶನಿವಾರ ಸಂಜೆ ಮಾತ್ರ. ಮೇಜಿನ ಮೇಲಿನ ಹಲಗೆಯನ್ನು ಕುಟ್ಟಿ ಸಭೆ ಶುರುಮಾಡಬೇಕು, ಕುಟ್ಟಿ ಮುಗಿಸಬೇಕು. ಉಳಿದ ದಿನವೆಲ್ಲ ಮಖಮಲ್ಲಿನ ಪೆಟ್ಟಿಗೆಯಲ್ಲಿ ಬಿದ್ದುಕೊಂಡಿರಬೇಕು. ಈ ಬಿದ್ದುಕೊಂಡಿರುವ ಕೆಲಸ ನನಗೆ ಯಾವತ್ತೂ ಒಗ್ಗಲಿಲ್ಲ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ. ಹಳೆಯ ಬೋಗಿಯೊಂದನ್ನು ಬಿಚ್ಚಿದಾಗ ಅದರ ಬಾಗಿಲಿನ ಸಾಗವಾನಿ ತುಂಡೊಂದು ಉಳಿಯಿತು. ಮೌನೇಶಪ್ಪ ಬಡಿಗೇರ ಎಂಬವರು ಅದನ್ನು ಊಟದ ಬಿಡುವಿನಲ್ಲಿ ಲೇತಿಗೆ ಹಚ್ಚಿ ನನ್ನನ್ನು ಕಡೆದರು. ಬೋಗಿಯ ಬಾಗಿಲಾಗಿ ಊರೂರು ಸುತ್ತಿದ ಕಟ್ಟಿಗೆ ನಾನು. ಒಂದೆಡೆ ಕೂಡುವ ಗುಣ ನನಗೆ ಎಲ್ಲಿಂದ ಬರಬೇಕು?

ನನ್ನನ್ನು ಒಯ್ದದ್ದು ಸೌಹಾರ್ದ ಲಾಡ್ಜಿಗೆ. ಇದು ರೂಮು ಬಾಡಿಗೆಗೆ ಕೊಡುವ ಲಾಡ್ಜಲ್ಲ. ಬೇರೆ ಬೇರೆ ಜಾತಿ, ಧರ್ಮ, ಉದ್ಯೋಗದ ಗಂಡಸರು ಅಣ್ಣತಮ್ಮಂದಿರಂತೆ ಸೇರುವ ಸಂಘ. ಒಳಗೆ ಬಂದವರೆಲ್ಲ ಒಬ್ಬರನ್ನೊಬ್ಬರು ಬ್ರದರ್ ಎನ್ನಬೇಕು. ಬಡವರ ಕಣ್ಣಿನ ಆಪರೇಷನ್ನಿಗೆ, ಶಾಲೆಯ ಮಕ್ಕಳ ಪುಸ್ತಕಕ್ಕೆ ನೆರವಾಗಬೇಕು. ಅಧ್ಯಕ್ಷರ ಕುರ್ಚಿ ವರ್ಷಕ್ಕೊಬ್ಬರದು. ಕುರ್ಚಿ ಯಾರದೋ ನಾನೂ ಅವರ ಕೈಗೆ.

ಮೊದಲು ನನ್ನನ್ನು ಹಿಡಿದವರು ಒಬ್ಬ ಎಂಜಿನ್ ಡ್ರೈವರ್. ಅವರು ಕುಟ್ಟಿದರೆ ಮೇಜಿನ ಮೇಲಿನ ಕಪ್ಪುಬಸಿ ಎಗರುತ್ತಿದ್ದವು. ಆಮೇಲೆ ಬಂದ ಹಲ್ಲಿನ ಡಾಕ್ಟರರು ನೋವಾಯಿತೇ ಎಂದು ಕೇಳುವವರ ಹಾಗೆ ಮೆಲ್ಲಗೆ ಮುಟ್ಟಿಸುತ್ತಿದ್ದರು. ಪ್ರತಿ ವರ್ಷ ಹೊಸ ಕೈ, ಹೊಸ ಏಟು. ಅದು ನನಗೆ ಹೇಳತೀರದ ಖುಷಿ.

ಬರಬರುತ್ತ ಹೊಸ ಕೈ ಬರುವುದು ನಿಂತಿತು. ಒಂಬತ್ತು ವರ್ಷ ನಾನು ಅದದೇ ಮೂವರು ಹಿರಿಯರ ಕೈಯಲ್ಲಿ ಸುತ್ತಿದೆ. ಅವರಲ್ಲಿ ದೊಡ್ಡವರು ಬಾಳಪ್ಪ ಇಟಗಿ, ನಿವೃತ್ತ ಸ್ಟೇಷನ್ ಮಾಸ್ತರರು. ಗಡಿಯಾರದ ಮುಳ್ಳು ಆರರ ಮೇಲೆ ಬಂದ ಕ್ಷಣಕ್ಕೆ ಸರಿಯಾಗಿ ನನ್ನನ್ನು ಕುಟ್ಟುವ ಮನುಷ್ಯ. ಒಳ್ಳೆಯ ಕೈ, ಇಲ್ಲವೆನ್ನಲಾರೆ. ಆದರೆ ಅದೇ ಅಂಗೈ, ಅದೇ ಗೆರೆ ನೋಡಿ ನೋಡಿ ನನಗೆ ಸಾಕಾಗಿಹೋಗಿತ್ತು.

ತರುಣರು ಬರಲಿಲ್ಲವೆಂದಲ್ಲ. ಬಂದವರು ನಿಲ್ಲಲಿಲ್ಲ. ಹೊಸ ಸದಸ್ಯನನ್ನು ಸೇರಿಸಿಕೊಳ್ಳುವಾಗ ಅಧ್ಯಕ್ಷರು ಒಂದೂವರೆ ಪುಟದ ಸ್ವಾಗತದ ಮಾತನ್ನು ಪುಸ್ತಕ ನೋಡದೆ ಹೇಳಬೇಕು. ಮರೆತರೆ ನೆನಪಿಸಲು ಒಬ್ಬರಿರುತ್ತಾರೆ. ಅವರೂ ಅಧ್ಯಕ್ಷರು ತಮ್ಮ ಕಡೆ ತಿರುಗಿ ನೋಡಿದರೆ ಮಾತ್ರ ಬಾಯಿ ಬಿಡಬೇಕು. ನಿಯಮವೇನೋ ಹೀಗಿದೆ, ನಲವತ್ತು ವರ್ಷ ಅದೇ ಮಾತನ್ನು ಬಾಯಿಪಾಠ ಮಾಡಿದವರ ನಾಲಿಗೆ ಕೇಳಬೇಕಲ್ಲ. ಬ್ಯಾಂಕಿನ ತರುಣನೊಬ್ಬ ಕುರ್ಚಿ ಏರುವ ಮೊದಲು ತಾಲೀಮಿಗೆ ನಿಂತ. ಮೂರನೆಯ ಸಾಲಿನಲ್ಲಿ ಉಸಿರು ತೆಗೆದುಕೊಳ್ಳಲು ತುಸು ತಡೆದ, ಅಷ್ಟೇ. ನಾಲ್ಕು ಮೂಲೆಯಿಂದ ನಾಲ್ಕು ಬೇರೆ ಬೇರೆ ಶಬ್ದ ಬಂದು ಅವನ ಮೇಲೆ ಬಿದ್ದವು. ಅವನು ಕಕ್ಕಾಬಿಕ್ಕಿಯಾಗಿ ಕೂತುಬಿಟ್ಟ. ಮುಂದಿನ ತಿಂಗಳಿಂದ ಬರಲೇ ಇಲ್ಲ. ಅವನ ಹಿಂದೆ ಇನ್ನಿಬ್ಬರೂ ಹೋದರು.

“ಈಗಿನ ಹುಡುಗ್ರಿಗೆ ನೆಪ್ಪ ನಿಂದ್ರೂದಿಲ್ಲ,” ಎಂದರು ಇಟಗಿ ಮಾಸ್ತರರು. ನನಗೆ ಮೈ ಉರಿದುಹೋಯಿತು.

ಕೊನೆಗೆ ಸಭೆಗೆ ಬರುವವರು ಏಳೇ ಜನ ಉಳಿದರು. ಏಳು ಜನರಿಲ್ಲದೆ ಲಾಡ್ಜ್ ತೆರೆಯುವಂತಿಲ್ಲ. ಲಾಡ್ಜ್ ನಡೆಸಲು ಸಿಕ್ಕ ಪರವಾನಗಿಯ ಸನದು ಮರಳಿಸಿ ಬಾಗಿಲು ಹಾಕಬೇಕು. ಏಳನೆಯವನು ಅರ್ಷದ್ ನದಾಫ್. ಇಪ್ಪತ್ತೊಂಬತ್ತು ವಯಸ್ಸು, ಸ್ವಂತದ ಗಾದಿ ಅಂಗಡಿ. ಅವನಿಗೆ ಲಾಡ್ಜಿನಲ್ಲಿ ಕೊಟ್ಟ ಕೆಲಸ ಕುರ್ಚಿ ಜೋಡಿಸುವುದು. ಒಂದು ಶನಿವಾರ ಸಭೆ ಮುಗಿದ ಮೇಲೆ ನನ್ನನ್ನು ಪೆಟ್ಟಿಗೆಯಲ್ಲಿಡುತ್ತ ಅವನು ಮಾಸ್ತರರಿಗೆ ಹೇಳಿದ:

“ಕಾಕಾ, ಮೂರು ವರ್ಷ ಆತು, ಖುರ್ಚಿ ಹಾಕೂದು ತಗಿಯೂದು ಮಾಡಾಕತ್ತೀನಿ. ಇಷ್ಟಕ್ಕ ನಾ ಯಾಕ ಬೇಕ್ರಿ? ಇನ್ನೂ ಹಿಂಗ ನಡದ್ರ ಹೆಸರು ತಗಸ್ತೀನ್ರಿ.”

“ಸಿಟ್ಟಿಗೇಳಬ್ಯಾಡ ತಮ್ಮಾ. ಅಧ್ಯಕ್ಷ ಆಗೂದಂದ್ರ ಆಟ ಅಲ್ಲ.”

“ಆಟ ಅಲ್ಲಂತನ ಕೇಳಾಕತ್ತೀನ್ರಿ.”

ಮುಂದಿನ ತಿಂಗಳು ಅಧ್ಯಕ್ಷ ಸ್ಥಾನಕ್ಕೆ ಅರ್ಷದನ ಹೆಸರನ್ನು ಮಾಸ್ತರರೇ ಸೂಚಿಸಿದರು. ಅದು ಪ್ರೀತಿಯೋ, ಏಳನೆಯವನೂ ಹೋದಾನೆಂಬ ಹೆದರಿಕೆಯೋ? ಎರಡೂ ಇದ್ದಿರಬೇಕು. ಜೊತೆಗೆ, ನೆನಪಿಸುವ ಕೆಲಸವನ್ನು ತಾವೇ ಇಟ್ಟುಕೊಂಡರು.

ತಾಲೀಮಿಗೆಂದು ಅರ್ಷದ್ ನನ್ನನ್ನು ಎರಡು ವಾರ ಅಂಗಡಿಗೆ ಒಯ್ದ. ಅಂಥ ಎರಡು ವಾರ ನನ್ನ ಬಾಳಿನಲ್ಲಿ ಮತ್ತೆ ಬರಲಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನು ಗಾದಿಯ ಮೇಲೆ ನನ್ನನ್ನು ಕುಟ್ಟಿ, ಅರಳೆಯ ರಾಶಿಯೆದುರು ನಿಂತು ಒಂದೂವರೆ ಪುಟವನ್ನು ತಪ್ಪಿಲ್ಲದೆ ಹೇಳುತ್ತಿದ್ದ. ನಡುವೆ ತಡೆದರೂ ಕಣ್ಣು ಮುಚ್ಚಿ ಹುಡುಕಿಕೊಳ್ಳುತ್ತಿದ್ದ. ಅರಳೆ ನಡುವೆ ಬಾಯಿ ಹಾಕುವುದಿಲ್ಲ.

ಆ ಶನಿವಾರ ಬಂತು. ಹೊಸದಾಗಿ ಸೇರಲು ಪ್ರವೀಣ ಎಂಬ ಕಾಲೇಜು ಮೇಷ್ಟ್ರು ಬಂದು ನಿಂತಿದ್ದ. ಅರ್ಷದ್ ನನ್ನನ್ನು ಹಿಡಿದು ಶುರುಮಾಡಿದ. ಅರ್ಧ ಪುಟ ಸರಾಗ ಹೋಯಿತು. ಆಮೇಲೆ ನಿಂತ.

“ವಿಶ್ವಾಸ,” ಎಂದಿತು ಬಲಗಡೆಯ ಒಂದು ದನಿ.

“ವಿವೇಕ, ವಿವೇಕ,” ಎಂದಿತು ಎಡಗಡೆಯದು.

“ಅಲ್ರೀ, ಮೊದಲ ತಾಳ್ಮೆ ಬರ್ತದ,” ಎಂದಿತು ಹಿಂದಿನದು.

ಅರ್ಷದ್ ತಿರುಗಿ ನೋಡುವ ಮೊದಲೇ ಇಟಗಿ ಮಾಸ್ತರರು ಎದ್ದು ನಿಂತು ಇಡೀ ಸಾಲನ್ನೇ ಗಟ್ಟಿಯಾಗಿ ಹೇಳತೊಡಗಿದರು. ಪ್ರವೀಣ ಒಬ್ಬೊಬ್ಬರ ಮುಖವನ್ನೂ ಪಿಳಿಪಿಳಿ ನೋಡಿದ. ಮುಗಿಯಿತು, ಅರ್ಷದನೂ ನನ್ನನ್ನು ಕೆಳಗಿಟ್ಟು ಹೋಗುತ್ತಾನೆ, ಇವನ ಜೊತೆ ಲಾಡ್ಜೂ ಹೋಯಿತು ಎಂದುಕೊಂಡೆ.

ಅರ್ಷದ್ ನನ್ನನ್ನು ಮೇಲೆತ್ತಿ ಹೊಡೆದ.

ಸ್ವಾಗತದ ಮಾತಿನ ಆ ಜಾಗದಲ್ಲಿ ಸುತ್ತಿಗೆಯ ಏಟು ಇಲ್ಲವೇ ಇಲ್ಲ. ಆದರೆ ಅಧ್ಯಕ್ಷರ ಸುತ್ತಿಗೆ ಬಿದ್ದಮೇಲೆ ಅವರು ಮಾತಾಡುವವರೆಗೆ ಎಂಥ ಹಿರಿಯನೂ ತುಟಿ ಬಿಚ್ಚುವಂತಿಲ್ಲ. ಹಿರಿಯರೇ ಬರೆದಿಟ್ಟ ನಿಯಮ. ಗಾದಿಯ ಮೇಲೆ ಕುಟ್ಟಿ ರೂಢಿಯಾದ ಕೈ, ಏಟು ಜೋರಾಗಿ ಬಿತ್ತು. ನನ್ನ ತಲೆ ಬಿರುಕುಬಿಟ್ಟಿತು. ನೋವಿಗಿಂತ ಹೆಚ್ಚು ಹಿಗ್ಗಾಯಿತು ನನಗೆ. ಮಾಸ್ತರರು ತೆರೆದ ಬಾಯಿ ತೆರೆದಂತೆಯೇ ಕುರ್ಚಿಗೆ ಕುಸಿದರು.

“ಬ್ರದರ್, ನನಗ ಗೊತ್ತೈತ್ರಿ,” ಎಂದ ಅರ್ಷದ್. “ಹುಡುಕಾಕತ್ತೀನಿ. ಒಂಚೂರು ತಾಳ್ರಿ.”

ಕಣ್ಣು ಮುಚ್ಚಿದ. ಫ್ಯಾನು ತಿರುಗುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆಮೇಲೆ ಮಾತು ಬಂತು. ವಿವೇಕ ಮೊದಲು ಬಂತು, ವಿಶ್ವಾಸ ಆಮೇಲೆ ಬಂತು, ನಡುವಿನ ಒಂದು ಸಾಲು ಬರಲೇ ಇಲ್ಲ. ಆದರೂ ಕೊನೆಯವರೆಗೆ ಹೇಳಿ ಮುಗಿಸಿ ಪ್ರವೀಣನ ಕೈ ಹಿಡಿದು ಒಳಗೆ ಕರೆದುಕೊಂಡ.

ಸಭೆ ಮುಗಿದಾಗ ಮಾಸ್ತರರು ನಿಧಾನ ಎದ್ದು ಬಂದರು.

“ಒಂದು ಸಾಲು ಬಿಟ್ಟಿ.”

“ಹೌದ್ರಿ ಕಾಕಾ.”

“ಮುಂದಿನ ಸಲ ಬಿಡಬ್ಯಾಡ.”

ಮುಂದಿನ ಸಲ ಎಂದದ್ದು ಕಿವಿಗೆ ಬಿದ್ದಮೇಲೆ ಅರ್ಷದನ ಬಿಗಿಮುಷ್ಟಿ ಸಡಿಲಾಯಿತು. ಆಗಲೇ ನಾನೂ ಉಸಿರುಬಿಟ್ಟೆ.

ಬಿರುಕುಬಿಟ್ಟ ಸುತ್ತಿಗೆ ಸಭೆಗೆ ಸಲ್ಲದು. ಬೀಟೆ ಮರದ ಹೊಸದೊಂದು ಬಂತು. ನನ್ನನ್ನು ಗಾಜಿನ ಕಪಾಟಿನಲ್ಲಿ ಇಟ್ಟರು. ಇಲ್ಲಿಂದ ಎಲ್ಲ ಕಾಣುತ್ತದೆ. ಈಗ ಹದಿನಾರು ಜನ. ಬ್ಯಾಂಕಿನವನೂ ತಿರುಗಿ ಬಂದಿದ್ದಾನೆ. ಈ ವರ್ಷ ಪ್ರವೀಣನೇ ಅಧ್ಯಕ್ಷ.

ಕಳೆದ ತಿಂಗಳು ಹೊಸಬನೊಬ್ಬನನ್ನು ಸ್ವಾಗತಿಸುತ್ತ ಪ್ರವೀಣ ಅರ್ಧಕ್ಕೆ ನಿಂತ. ಯಾರೂ ಕುಟ್ಟಲಿಲ್ಲ, ಯಾರೂ ಬಾಯಿ ಹಾಕಲಿಲ್ಲ. ಹಿರಿಯರು ಸುಮ್ಮನಿರಲಾರರೆಂದು ಜೀವಮಾನವಿಡೀ ಗೊಣಗಿದವನು ನಾನು. ಅವತ್ತು ನನ್ನ ಮೈಯೆಲ್ಲ ಚಡಪಡಿಸಿತು. ವಿಶ್ವಾಸ, ಮಾರಾಯಾ, ವಿಶ್ವಾಸ! ನನಗೆ ಬರುತ್ತದೆ, ಅರವತ್ತು ವರ್ಷದಿಂದ ಕೇಳುತ್ತ ಬಂದಿದ್ದೇನೆ. ನಡುವೆ ಗಾಜು ಇಲ್ಲದಿದ್ದರೆ ಎಗರಿ ಹೇಳಿಯೇಬಿಡುತ್ತಿದ್ದೆ. ಹಿಂದಿನ ಸಾಲಿನಲ್ಲಿ ಇಟಗಿ ಮಾಸ್ತರರು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದರು. ಅವರ ಮುಂದೆ ಗಾಜು ಇರಲಿಲ್ಲ. ಆದರೂ ಅವರು ಹೇಳಲಿಲ್ಲ.