ಮೆತ್ತೆಯ ಮೇಲಿನ ಶಿಲುಬೆ

ಅಂದು ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ವಾಲೆಂತಿಯ ಅಂಗಳದಲ್ಲಿ ನಿಂತವರಿಗೆ ಬೇಲಿಯ ಪೇರ್ ಮರವೂ ಕಾಣುತ್ತಿರಲಿಲ್ಲ. ಒಳಗೆ ಅವನು ಶವಪೆಟ್ಟಿಗೆಯಲ್ಲಿ ಮಲಗಿದ್ದ, ಕೈಗೆ ಜಪಮಾಲೆ ಸುತ್ತಿತ್ತು. ಸತ್ತವರ ಮನೆಯಲ್ಲಿ ಪ್ರಾರ್ಥನೆ ಹೇಳಿಸುವುದು ನಮ್ಮೂರಲ್ಲಿ ನನ್ನ ಪಾಲಿನ ಸೇವೆ.

ಸೈನಿಕ ಸತ್ತರೆ ಅವನ ಪದಕವನ್ನು ಮೆತ್ತೆಗೆ ಚುಚ್ಚಿ ಪೆಟ್ಟಿಗೆಯ ಮುಂದೆ ಹೊತ್ತು ನಡೆಯಬೇಕು. ವಾಲೆಂತಿಗಿದ್ದದ್ದು ಒಂದೇ, ಆದರೆ ಅದಕ್ಕಿಂತ ದೊಡ್ಡದಿಲ್ಲ: ಸಾವಿರದ ಒಂಬೈನೂರ ಇಪ್ಪತ್ತನೇ ಇಸವಿಯ ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಕೊಟ್ಟ ವೀರ್ತೂತಿ ಮಿಲಿತಾರಿ ಪದಕ, ನೀಲಿ-ಕಪ್ಪು ಪಟ್ಟಿಯ ಬೆಳ್ಳಿ ಶಿಲುಬೆ. ಎರಡನೇ ಮಹಾಯುದ್ಧ ಮುಗಿದಾಗಿನಿಂದ ಇಪ್ಪತ್ತಾರು ವರ್ಷ ಅದು ಮಾತೆ ಮರಿಯಳ ಪಟದ ಪಕ್ಕ ಗಾಜಿನೊಳಗೆ, ಮಖಮಲ್ಲಿಗೆ ಹೊಲಿದಂತೆಯೇ ಇತ್ತು. ಮಗಳು ಸಲೊಮೆಯಾ ಹೊಲಿಗೆ ಬಿಚ್ಚಿದಳು. ಒರೆಸಲೆಂದು ತಿರುಗಿಸಿದವಳು ಅದನ್ನು ನನ್ನತ್ತ ಚಾಚಿದಳು.

"ಮಾಮ, ಇಲ್ನೋಡಿ. ಅಪ್ಪನ ಪದಕದ ಪುಸ್ತಕದಲ್ಲಿ ೩೪೧೭ ಅಂತಿದೆ. ಇದರ ಬೆನ್ನ ಮೇಲೆ ೫೨೦೮!"

ಕನ್ನಡಕ ಹಾಕಿ ನೋಡಿದೆ, ತೆಗೆದು ನೋಡಿದೆ. ಅಂಕಿ ಬದಲಾಗಲಿಲ್ಲ.

"ಯಾರ ಎದೆಯಿಂದ ಕಿತ್ಕೊಂಡು ಬಂದಿದ್ನೋ ನಿಮ್ಮಪ್ಪ!" ಎಂದಳು ನೆರೆಯ ಪೆತ್ರೊನೆಲಾ.

"ಬಾಯ್ಮುಚ್ಚೇ, ಸತ್ತವನಿಗೆ ಕೇಳಿಸುತ್ತೆ," ಎಂದು ಗದರಿದೆ.

"ಕೇಳಿಸಿದ್ರೆ ಎದ್ದು ಹೇಳ್ಲಿ, ನಮಗೂ ಗೊತ್ತಾಗ್ಲಿ."

ಸಲೊಮೆಯಾ ಶಿಲುಬೆಯನ್ನು ಮುಷ್ಟಿಯೊಳಗೆ ಮುಚ್ಚಿದಳು. "ಇನ್ನೊಬ್ಬರದ್ದು ಮುಂದಿಟ್ಕೊಂಡು ಅಪ್ಪ ದೇವರ ಹತ್ರ ಹೇಗೆ ಹೋಗ್ತಾನೆ? ಖಾಲಿ ಮೆತ್ತೆ ಹೊತ್ರೆ ಊರೇನನ್ನುತ್ತೆ?"

ವಾಲೆಂತಿ ಸುಳ್ಳನಲ್ಲ, ಬೆಳ್ಳಿಯೂ ಸುಳ್ಳಾಡದು. ಆಗ ನೆನಪಾಯಿತು: ಜರ್ಮನರು ಬಂದಾಗ ವಾಲೆಂತಿ, ಅದೇ ಯುದ್ಧದಲ್ಲಿ ಅದೇ ಪದಕ ಪಡೆದಿದ್ದ ಪಕ್ಕದ ಮನೆಯ ಗೆರ್ವಾಜಿ ಇಬ್ಬರೂ ತಮ್ಮ ಶಿಲುಬೆಗಳನ್ನು ಒಂದೇ ಹಾಲಿನ ಕ್ಯಾನಿಗೆ ಹಾಕಿ ಆ ಪೇರ್ ಮರದ ಬುಡದಲ್ಲಿ ಹೂತಿದ್ದರು. ಆ ಯುದ್ಧ ಮುಗಿದ ಮೇಲೆ ಅಗೆದರು. ಮಣ್ಣು ಮೆತ್ತಿದ್ದ ಎರಡರಲ್ಲಿ ತಲೆಗೊಂದು ಎತ್ತಿಕೊಂಡರು. ಅದೇ ವಾರ ಆ ಮರ ಯಾರದೆಂದು ಜಗಳವಾಗಿ ಮಾತು ಬಿಟ್ಟರು.

"ಗೆರ್ವಾಜಿಯನ್ನ ಕೇಳೋಣ," ಎಂದೆ.

"ಆ ಮನೆ ಹೊಸ್ತಿಲು ತುಳಿಯಲ್ಲ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದೀನಿ, ಮಾಮ."

ಅಷ್ಟರಲ್ಲಿ ಚರ್ಚಿನ ಗಂಟೆ ಮೊಳಗಿತು, ಹೊತ್ತಾಯಿತು. ಪೆಟ್ಟಿಗೆ ಎತ್ತಿದರು, ಮನೆಗೆ ವಿದಾಯ ಹೇಳಲು ಹೊಸ್ತಿಲಿಗೆ ಮೂರು ಸಲ ತಾಗಿಸಿದರು. ಮುಂದೆ ಸಲೊಮೆಯಾ, ಕೈಯಲ್ಲಿ ಖಾಲಿ ಮೆತ್ತೆ, ಶಿಲುಬೆ ಮುಷ್ಟಿಯೊಳಗೆ. ಸತ್ತವನ ಪರವಾಗಿ ನಾನು ಹೇಳಬೇಕಾದ್ದನ್ನು ಹೇಳಿದೆ:

"ನೆರೆಯವರೇ, ನಾನು ಯಾರ ಮನಸ್ಸನ್ನಾದರೂ ನೋಯಿಸಿದ್ದರೆ ಕ್ಷಮಿಸಿ. ಯಾರದ್ದಾದರೂ ನನ್ನಲ್ಲಿ ಉಳಿದಿದ್ದರೆ ಕ್ಷಮಿಸಿ."

"ದೇವರು ಕ್ಷಮಿಸಲಿ," ಎಂದಿತು ಜನ.

ಒಂದು ದನಿ ತಡವಾಗಿ ಬಂತು, ಮಂಜಿನೊಳಗಿಂದ. ಆಮೇಲೆ ಕೋಲಿನ ಸದ್ದು. ಗೆರ್ವಾಜಿ ಹಬ್ಬದ ಕೋಟು ತೊಟ್ಟು ಬಂದು ಖಾಲಿ ಮೆತ್ತೆಯ ಮುಂದೆ ನಿಂತ.

"ಶಿಲುಬೆ ಅದಲುಬದಲಾದದ್ದು ನಿಂಗೆ ಗೊತ್ತಿತ್ತಾ?" ಕೇಳಿದೆ.

"ಎದೆಗೆ ಹಾಕ್ಕೊಳ್ಳೋನು ಬೆನ್ನು ನೋಡದೆ ಇರ್ತೀನಾ? ಮೊದಲ ಹಬ್ಬದ ದಿನಾನೇ ನೋಡ್ದೆ." ಅವನು ಪೆಟ್ಟಿಗೆಯತ್ತ ತಿರುಗಿದ. "ಇವ್ನೇ ಬಂದು ಕೇಳ್ಲಿ ಅಂತ ಕಾದೆ. ಮೂರ್ಖ, ಯಾಕೆ ಬರ್ಲಿಲ್ವೋ!"

ಬೈದದ್ದು ವಾಲೆಂತಿಯನ್ನೋ ತನ್ನನ್ನೋ, ನನಗೆ ಇಂದಿಗೂ ತಿಳಿದಿಲ್ಲ.

ಅವನು ಕೋಟಿನ ಶಿಲುಬೆ ಬಿಚ್ಚಿ, ಒಂದು ಕ್ಷಣ ಅಂಗೈಯಲ್ಲಿ ಹಿಡಿದು, ಮೆತ್ತೆಗೆ ಚುಚ್ಚಿದ. ಸಲೊಮೆಯಾ ಮುಷ್ಟಿ ತೆರೆದು ಅವನದನ್ನು ಅವನ ಕೈಗಿಟ್ಟಳು.