ತಲೆಗೆ ಬರುವ ಏಟು

ಒಡೆದ ಕೋಕೋ ಕಾಯಿಯನ್ನು ಮಂಡಿಗಳ ನಡುವೆ ಇರಿಸಿಕೊಂಡು ಒತಿಲಿಯಾ ಬೀಜ ಬಿಡಿಸುತ್ತಿದ್ದಳು. ಬಿಳಿ ತಿರುಳು ಮೆತ್ತಿದ ಬೀಜಗಳು ಲೊಳಕ್ಕನೆ ಬಕೆಟ್ಟಿಗೆ ಬೀಳುತ್ತಿದ್ದವು. ಬೆರಳಿನ ಕೆಲಸ ಅವಳ ಬಲಗೈಗೆ ಕಷ್ಟವಿರಲಿಲ್ಲ. ಕಷ್ಟವಿದ್ದದ್ದು ತಲೆಯ ಮೇಲೆ. ಅವಳು ಕೂತಿದ್ದ ಮರದ ತುದಿಯಲ್ಲೇ ಕೆಲವು ಕಾಯಿಗಳು ರೋಗ ಹತ್ತಿ, ಹಿಟ್ಟು ಸವರಿದ ಹಾಗೆ ಬೆಳ್ಳಗಾಗಿದ್ದವು. ಇಳಿಸದೆ ಬಿಟ್ಟರೆ ಒಂದು ಗಾಳಿ ಸಾಕು, ಆ ಹಿಟ್ಟು ತೋಟಕ್ಕೆಲ್ಲ ಉದುರುತ್ತದೆ. ತುದಿಗೆ ಕೊಕ್ಕೆ ಕಟ್ಟಿದ ಬಿದಿರಿನ ಗಳ ಪಕ್ಕದಲ್ಲೇ ಒರಗಿತ್ತು. ಬೆಳಿಗ್ಗೆ ಎತ್ತಲು ನೋಡಿದ್ದಳು. ಎಡಗೈ ಎದ್ದಿತು. ಬಲಗೈ ಭುಜದ ಮಟ್ಟಕ್ಕೆ ಬಂದು, ಒಳಗಿನಿಂದ ಯಾರೋ ಹಗ್ಗ ಹಿಡಿದು ಜಗ್ಗಿದಂತೆ ನಿಂತುಬಿಟ್ಟಿತು.

ಬಲ ಮೊಲೆ ತೆಗೆದು ವರ್ಷ ದಾಟಿತ್ತು. ಕಂಕುಳಿನವರೆಗೂ ಕೊಯ್ದಿದ್ದರು. ಗಾಯ ಮಾಗಿತ್ತು, ಕೈ ಮಾತ್ರ ಪೂರ್ತಿಯಾಗಿ ಅವಳಿಗೆ ವಾಪಸಾಗಿರಲಿಲ್ಲ.

ಬೈಕ್ ನಿಲ್ಲಿಸಿದ ಸದ್ದಾಯಿತು. ಕಾಲಿ ನಗರದಲ್ಲಿ ಗಾರೆ ಕೆಲಸ ಮಾಡುವ ತಮ್ಮ ಹೆರ್ಮೆಸ್. ಹೆಲ್ಮೆಟ್ ಕೈಯಲ್ಲೇ ಹಿಡಿದು ಮರದ ತುದಿ ನೋಡಿದ.

"ಏನಕ್ಕ, ನಿನ್ನ ಕಾಯಿಗಳೆಲ್ಲ ಪೌಡರ್ ಬಳ್ಕೊಂಡು ಮದುವೆಗೆ ಹೊರಟಂಗಿವೆ?"

"ಹೂಂ, ನಿನ್ನನ್ನೂ ಕರೀತಾರಂತೆ. ಕೂತ್ಕೊಳೋ."

ಅವನು ಕೂರಲಿಲ್ಲ. "ಕಬ್ಬಿನೋರು ಮತ್ತೆ ಕೇಳಿದ್ರು. ನಾನು ಹೂಂ ಅಂದಿದೀನಿ. ನಿಂದೊಂದೇ ಬಾಕಿ."

ಅವ್ವ ತೋಟವನ್ನು ಇಬ್ಬರ ಹೆಸರಿಗೂ ಬಿಟ್ಟು ಹೋಗಿದ್ದಳು. ಇಬ್ಬರೂ ಒಪ್ಪದೆ ಅದನ್ನು ಗುತ್ತಿಗೆಗೆ ಕೊಡುವ ಹಾಗಿರಲಿಲ್ಲ. ಸುತ್ತಲಿನ ತೋಟಗಳೆಲ್ಲ ಒಂದೊಂದಾಗಿ ಕಬ್ಬಿಗೆ ಹೋಗಿದ್ದವು. ಮೂರು ಕಡೆಯಿಂದಲೂ ಕಬ್ಬು ಬೇಲಿಗೆ ಒತ್ತಿಕೊಂಡು ನಿಂತಿತ್ತು.

"ಮರಗಳು?" ಎಂದಳು.

"ಮಷೀನ್ ತರ್ತಾರೆ, ಒಂದೇ ದಿನದ ಕೆಲಸ. ಒಂದು ಕೈಲಿ ತೋಟ ಆಗಲ್ಲ ಕಣಕ್ಕ. ಬೈತಿಲ್ಲ ನಾನು. ನೀನು ಬಿದ್ದು ಗಿದ್ದು ಹೋದ್ರೆ ಇಲ್ಲಿ ನೋಡೋರು ಯಾರು?"

"ನಂಗೆ ಎರಡು ಕೈ ಇವೆ."

"ಹಂಗಾದ್ರೆ ಎತ್ತು, ನೋಡೋಣ."

ಆಡಿದ ಮಾತಿಗೆ ಅವನೇ ಹೆದರಿದವನಂತೆ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ ಮತ್ತೆ ಹಾಕಿದ. ಒತಿಲಿಯಾ ಕೈ ಎತ್ತಲಿಲ್ಲ. "ಭಾನುವಾರ ಊಟಕ್ಕೆ ಬಾ. ಆವತ್ತು ಹೇಳ್ತೀನಿ" ಎಂದು ಮುಂದಿನ ಕಾಯಿ ಎತ್ತಿಕೊಂಡಳು.

ಸಂಜೆ ಎಂದಿನಂತೆ ಕೋಲು ಹಿಡಿದು ದೋನ್ ಎಲಾದಿಯೊ ಅವರ ಅಂಗಳಕ್ಕೆ ಹೋದಳು. ಮಚ್ಚಿನ ಕಾಳಗ ಕಲಿಸುವ ಮುದುಕ, ಊರವರೆಲ್ಲ ಗೌರವದಿಂದ ದೋನ್ ಅನ್ನುವವರು, ಅಪ್ಪನ ಜೊತೆಗಾರ. ಕಲಿಯುವವರ ಕೈಗೆ ಮಚ್ಚು ಕೊಡುತ್ತಿರಲಿಲ್ಲ, ಸೀಬೆ ಮರದ ಕೋಲು ಕೊಡುತ್ತಿದ್ದರು. ಹುಡುಗಿಯಾಗಿದ್ದಾಗ ಅವಳು ಇದೇ ಅಂಗಳದಲ್ಲಿ ಕಲಿತಿದ್ದಳು. ಮದುವೆಯಾದ ಮೇಲೆ, ಹೆಂಡತಿ ಗಂಡಸರ ಎದುರು ಕೋಲು ಹಿಡಿದು ನಿಲ್ಲುವುದು ಗಂಡನಿಗೆ ಸೇರದೆ ಬಿಟ್ಟಿದ್ದಳು. ಅವನು ತೀರಿಕೊಂಡ ಮೇಲೂ ಹಿಡಿದಿರಲಿಲ್ಲ, ಬಿಟ್ಟಿದ್ದು ಅಭ್ಯಾಸವಾಗಿತ್ತು.

ಆಪರೇಷನ್ ಆದ ಮೇಲೆ ಆಸ್ಪತ್ರೆಯಲ್ಲಿ ಒಂದು ವ್ಯಾಯಾಮ ಹೇಳಿಕೊಟ್ಟಿದ್ದರು. ಗೋಡೆಯ ಮೇಲೆ ಬೆರಳು ನಡೆಸುತ್ತ ಕೈಯನ್ನು ಮೇಲೆ ಒಯ್ಯಬೇಕು. ಕೆಲವು ವಾರ ಮಾಡಿದಳು. ಗೋಡೆ ತಿರುಗಿ ಹೊಡೆಯುವುದಿಲ್ಲ, ಅದಕ್ಕೇ ಬೇಸರ ಬಂತು. ಉಳಿದವರೂ ಗೋಡೆಯ ಹಾಗೇ ಆಗಿದ್ದರು. ಚರ್ಚಿನ ಹೆಂಗಸರು ಅವಳ ಕೈಯಿಂದ ಪಾತ್ರೆ ಇಸಿದುಕೊಳ್ಳುವರು, ಕುರ್ಚಿ ಎಳೆದು ಕೂರಿಸುವರು, ಮೆಲ್ಲಗೆ ಮಾತಾಡುವರು. ಅವರ ಒಳ್ಳೆಯತನದ ನಡುವೆ ಕೂತು ತಾನು ಸ್ವಲ್ಪ ಸ್ವಲ್ಪವೇ ಅಳಿಸಿ ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು ಅವಳಿಗೆ.

ಆಗಲೇ ಅವಳು ಮತ್ತೆ ಕೋಲು ಹಿಡಿದು ಈ ಅಂಗಳಕ್ಕೆ ಬಂದದ್ದು. ದೋನ್ ಎಲಾದಿಯೊ ಮೊದಲ ದಿನವೇ ನೇರ ತಲೆಗೆ ಬೀಸಿದ್ದರು. ಕೋಲು ಕೂದಲಿಗೆ ತಾಗಿ ನಿಂತಿತ್ತು. "ನೀ ಸತ್ತೆ. ನಾಳೆ ಬಾ" ಎಂದಿದ್ದರು, ಅಷ್ಟೇ. ಆಮೇಲೆ ದಿನವೂ ಸಂಜೆ ಸಾಯುವುದು, ಮರುದಿನ ಬರುವುದು. ಒಲೆಯ ಹತ್ತಿರದಿಂದ ಅವರ ಹೆಂಡತಿ ಲೂಬಿಯಾ ಕೂಗುತ್ತಿದ್ದಳು: "ಅದೆಷ್ಟು ಸಲ ಸಾಯಿಸ್ತೀಯೋ ಮುದ್ಕ! ಶವಪೆಟ್ಟಿಗೆ ಮಾಡೋನು ಮಹಡಿ ಮನೆ ಕಟ್ತಾನೆ ನಿನ್ನಿಂದ!" ಹೊಟ್ಟೆಯ ಹತ್ತಿರವೇ ಇರುತ್ತಿದ್ದ ಕೈ ತಿಂಗಳುಗಳಲ್ಲಿ ಎದೆಗೆ ಬಂತು, ಭುಜಕ್ಕೆ ಬಂತು. ಅಲ್ಲಿಂದ ಮೇಲೆ ಒಂದು ಬೆರಳೂ ಹತ್ತಲಿಲ್ಲ.

ಈ ಸಂಜೆ ಮುದುಕ ಸೊಂಟಕ್ಕೆ ಹೊಡೆದರು, ತಡೆದಳು. ಮಂಡಿಗೆ ಹೊಡೆದರು, ತಡೆದಳು. ಪಕ್ಕೆಗೆ ಬಂದದ್ದನ್ನೂ ತಡೆದಳು. ಬೆವರು ಕಿತ್ತುಕೊಂಡು ಬಂತು, ಮೈ ಹಗುರವಾಯಿತು.

"ಅಬ್ಬಬ್ಬಾ, ಇವತ್ತು ಯಾರೂ ಸಾಯ್ಲೇ ಇಲ್ಲ!" ಎಂದಳು ಲೂಬಿಯಾ.

ಆ ಮಾತು ಕೇಳಿದ ಮೇಲೆಯೇ ಒತಿಲಿಯಾಗೆ ಕಾಣಿಸಿತು. ಮುದುಕನ ಕಣ್ಣು ಅಭ್ಯಾಸಬಲದಿಂದ ಅವಳ ನೆತ್ತಿಗೆ ಹೋಗುತ್ತಿತ್ತು, ಮಣಿಕಟ್ಟು ಮೇಲೇಳುತ್ತಿತ್ತು, ಅಷ್ಟರಲ್ಲಿ ಕೋಲು ಬಾಗಿ ಕೆಳಗೆ ಬರುತ್ತಿತ್ತು. ಅವಳು ಕೋಲು ಇಳಿಸಿದಳು.

"ದೋನ್ ಎಲಾದಿಯೊ, ನಂಗೆ ತಲೆ ಅನ್ನೋದೊಂದಿದೆ."

"ಇದೆಯಲ್ಲ, ಮೊಂಡು ತಲೆ."

"ಮತ್ಯಾಕೆ ಹೊಡೀತಿಲ್ಲ?"

ಅವರು ಕೋಲಿನ ತುದಿಯಿಂದ ನೆಲ ಕೆದಕಿದರು. "ಇವತ್ತು ನಿನ್ನ ತಮ್ಮ ಬಂದಿದ್ದ. ಇಲ್ಲೇ ಕೂತು ಅತ್ತ. ಅವಳಿಗೆ ಇಲ್ಲದ ಆಸೆ ಹುಟ್ಟಿಸ್ಬೇಡಿ ದೋನ್, ಮೇಲಕ್ಕೆ ಹೊಡೀಬೇಡಿ ಅಂದ. ಏನ್ ಮಾಡ್ಲಿ? ನಂಗೂ ವಯಸ್ಸಾಯ್ತು ತಾಯಿ, ಕರಗಿಹೋದೆ."

ತಮ್ಮನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅವಳು ಅರವಳಿಕೆಯಿಂದ ಎದ್ದಾಗ ಕಾಲು ಒತ್ತುತ್ತಿದ್ದವನು ಅವನೇ. ನೋವಾದದ್ದು ಈ ಅಂಗಳಕ್ಕಾಗಿ. ಅವಳನ್ನು ಇನ್ನೂ ಎದುರಾಳಿಯೆಂದು ಎಣಿಸುತ್ತಿದ್ದ ಒಂದೇ ಜಾಗವೂ ಈಗ ಕುರ್ಚಿ ಎಳೆದು ಕೂರಿಸಲು ಹೊರಟಿತ್ತು.

"ನೀವೂ ಹೊಡೀದೇ ಇದ್ರೆ ನಾನು ಇಲ್ಲಿಗೆ ಯಾಕೆ ಬರ್ಬೇಕು? ಗೋಡೆ ನಮ್ಮನೇಲೂ ಇದೆ" ಎಂದಳು. "ಹೊಡೀರಿ."

ಮುದುಕ ಕೋಲಿನ ಹಿಡಿ ಬಿಗಿ ಮಾಡಿದರು. ಆಮೇಲೆ ಹೊಡೆದರು.

ಕೋಲು ಕೂದಲಿಗೆ ತಾಗಿತು. "ಸತ್ತೆ." ಕೈ ಭುಜದಲ್ಲೇ ನಿಂತಿತ್ತು. "ಮತ್ತೆ" ಎಂದಳು. ಮತ್ತೆ ಸತ್ತಳು. ಇನ್ನೊಂದು ಏಟು ನಿಲ್ಲದೆ ಹಣೆಗೇ ಬಿತ್ತು, ಲೂಬಿಯಾ ಸೌಟು ಹಿಡಿದು ಹೊರಗೆ ಓಡಿಬಂದಳು.

"ಏ ಮುದ್ಕಾ! ನಿಂಗೇನು ಮೈಮೇಲೆ ಬಂದಿದೆಯಾ?"

"ಒಳಗೆ ಹೋಗಿ ಲೂಬಿಯಾ, ಬಾಳೆಕಾಯಿ ಸೀದುಹೋಗುತ್ತೆ" ಎಂದಳು ಒತಿಲಿಯಾ, ಎದುರಿನ ಕೋಲಿನಿಂದ ಕಣ್ಣು ತೆಗೆಯದೆ. "ಮತ್ತೆ."

ಕಂಕುಳಿನ ಗಾಯದ ಗೆರೆ ಉರಿಯುತ್ತಿತ್ತು. ಕೈ ಇಷ್ಟೇ, ಇವತ್ತಿಗೆ ಇಷ್ಟೇ ಎಂದು ಅವಳಿಗೆ ಗೊತ್ತಿತ್ತು. ಆದರೆ ಕಾಲುಗಳನ್ನು ಯಾರೂ ಕೊಯ್ದಿರಲಿಲ್ಲ. ಮುದುಕನ ಕೋಲು ಮೇಲೆದ್ದಾಗ ಇಷ್ಟು ದಿನ ಹಿಂದೆ ಸರಿಯುತ್ತಿದ್ದ ಪಾದ ಈ ಸಲ ಮುಂದೆ ಹೋಯಿತು. ಒಮ್ಮೆಲೇ ಅವರ ಅಂಗಿಯ ಹೊಗೆಸೊಪ್ಪಿನ ವಾಸನೆ ಮೂಗಿಗೆ ಬಂತು. ಭುಜದ ಮಟ್ಟದಲ್ಲಿದ್ದ ಅವಳ ಕೋಲು ಅವರ ಕೋಲಿನ ಬುಡಕ್ಕೆ, ಹಿಡಿಯ ಹತ್ತಿರಕ್ಕೆ ಹೋಗಿ ಕೂತಿತು. ಅಲ್ಲಿ ಏಟಿಗೆ ಬಲವೇ ಇರಲಿಲ್ಲ. ಕೋಲಿನ ತುದಿ ಅವಳ ಬೆನ್ನ ಹಿಂದೆ ಸುಮ್ಮನೆ ಗಾಳಿಯಲ್ಲಿ ನಿಂತಿತ್ತು.

ಇಬ್ಬರೂ ಹಾಗೇ ನಿಂತರು. ಮುದುಕನ ಉಸಿರು ಅವಳ ಕೆನ್ನೆಗೆ ತಾಗುತ್ತಿತ್ತು.

"ಯಾರು ಹೇಳ್ಕೊಟ್ರು ಇದನ್ನ?"

"ನೀವಂತೂ ಅಲ್ಲ."

"ಭೇಷ್, ಬಾಯಿ ಮಾತ್ರ ಚೆನ್ನಾಗಿ ಮೇಲಕ್ಕೇಳುತ್ತೆ" ಎಂದು ಹಿಂದೆ ಸರಿದು ಇನ್ನೂ ಜೋರಾಗಿ ಬೀಸಿದರು.

ಎಷ್ಟೋ ಸಲ ಸತ್ತಳು. ಕೆಲವು ಸಲ ಸಾಯಲಿಲ್ಲ. ಪಾದ ಒಂದು ಎಳೆ ತಡವಾದರೂ ಏಟು ಬೀಳುತ್ತಿತ್ತು. "ಮತ್ತೆ" ಅನ್ನುವುದನ್ನು ಅವಳು ನಿಲ್ಲಿಸಲಿಲ್ಲ. ಕೊನೆಗೆ ದೋನ್ ಎಲಾದಿಯೊ ಕೋಲು ಬಿಸಾಕಿ ಮೆಟ್ಟಿಲ ಮೇಲೆ ಕುಸಿದರು.

"ಸಾಕು ಮಾರಾಯ್ತಿ, ಈಗ ಸತ್ತವನು ನಾನು. ನಾಳೆ ಬಾ."

ಹಣೆಯ ಬುಗುಟು ಮುಟ್ಟಿಕೊಳ್ಳುತ್ತ ಕಬ್ಬಿನ ನಡುವಿನ ದಾರಿಯಲ್ಲಿ ಮನೆಗೆ ಬಂದಳು. ಇನ್ನೂ ಬೆಳಕಿತ್ತು. ಒಳಗೆ ಹೋಗದೆ ತೋಟಕ್ಕೆ ಇಳಿದು, ಬೀಜ ಬಿಡಿಸುತ್ತ ಕೂತಿದ್ದ ಮೊದಲ ಸಾಲಿನ ಮರದ ಎದುರು ನಿಂತಳು. ತುದಿಯತ್ತ ನೋಡಲಿಲ್ಲ. ಬಗ್ಗಿ ಬುಡ ನೋಡಿದಳು. ಮಣ್ಣಿನ ಹತ್ತಿರ ಹೊಸ ಚಿಗುರೊಂದು ಹೊರಟಿತ್ತು. ಇಂಥವು ಮರದ ರಸ ಹೀರುತ್ತವೆ ಎಂದು ಅಪ್ಪ ಚಿವುಟಿ ಹಾಕುತ್ತಿದ್ದ. ಅದನ್ನು ಬೆಳೆಯಲು ಬಿಟ್ಟು ಮುದಿ ಕಾಂಡವನ್ನು ಸೊಂಟದ ಮಟ್ಟಕ್ಕೆ ಕಡಿದರೆ ಮರ ಮತ್ತೆ ಬರುತ್ತದೆ. ಸವರುತ್ತ ಹೋದರೆ ಅವಳ ಭುಜಕ್ಕಿಂತ ಎತ್ತರ ಹೋಗದ ಮರ. ಆ ಸಾಲಿನಲ್ಲಿ ಎರಡು ಮೂರು ವರ್ಷ ಫಸಲಿರುವುದಿಲ್ಲ. ಒಂದೇ ಸಲಕ್ಕೆ ಎಲ್ಲ ಕಡಿಯಬೇಕಿಲ್ಲ, ಒಂದು ಸಾಲು ಏಳುವವರೆಗೆ ಉಳಿದ ಸಾಲುಗಳು ಹೊಟ್ಟೆಗೆ ಕೊಡುತ್ತವೆ. ರೋಗದ ಕಾಯಿಗಳೂ ಕಾಂಡದ ಜೊತೆಗೇ ನೆಲಕ್ಕೆ ಬರುತ್ತವೆ, ಮಣ್ಣು ಮುಚ್ಚಿದರಾಯಿತು. ಊರಿನವರು ಒತಿಲಿಯಾಗೆ ತಲೆ ಕೆಟ್ಟಿದೆ ಅನ್ನುತ್ತಾರೆ. ಅನ್ನಲಿ.

ಫೋನು ಬಡಿದುಕೊಂಡಿತು. ಹೆರ್ಮೆಸ್.

"ಅಕ್ಕ, ಕೈ ಎತ್ತು ಅಂದ್ಬಿಟ್ಟೆ. ನಾಲಿಗೆ ಜಾರ್ತು."

"ಗೊತ್ತು ಬಿಡೋ."

"ಯೋಚನೆ ಮಾಡಿದ್ಯಾ?"

"ಭಾನುವಾರ ಕೋಳಿ ಸಾರು ಮಾಡ್ತೀನಿ."

"ಅಂದ್ರೆ ಹೂಂ ಅಂತ ತಾನೆ?"

"ಹಸ್ಕೊಂಡು ಬಾ" ಎಂದು ಫೋನಿಟ್ಟಳು.

ಒಣಗಿದ ಬಾಳೆನಾರು ಸೀಳಿ ಮೊದಲ ಮರದ ಕಾಂಡಕ್ಕೆ, ಸೊಂಟದ ಮಟ್ಟದಲ್ಲಿ, ಕಡಿಯುವ ಗುರುತಿಗೆ ಕಟ್ಟಿದಳು. ಆಮೇಲೆ ಪಕ್ಕದ್ದಕ್ಕೆ. ಬೇಲಿಯಾಚೆ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ನೆರೆಯ ಹೆಂಗಸು, "ಏನ್ ಮಾಡ್ತಿದೀಯೇ ಒತಿಲಿಯಾ, ಈ ಹೊತ್ನಲ್ಲಿ?" ಎಂದು ಕೇಳಿದಳು.

"ಇರುವೆ ಹತ್ತಿದೆಯಾ ಅಂತ ನೋಡ್ತಿದೀನಿ" ಎಂದು ಹೇಳಿ ಒತಿಲಿಯಾ ಮುಂದಿನ ಮರಕ್ಕೆ ಹೋದಳು.